ಬಂಡೂರು ಕುರಿಯ ಪರವಾಗಿ ಇಂಗ್ಲೆಂಡಿನಲ್ಲಿ

ಹೊರಟದ್ದು

ನಾನು ಇಂಗ್ಲೆಂಡಿಗೆ ಹೋಗಿ ಬಂದೆ. ಈ ಮಾತು ಬರೆಯುವಾಗಲೂ ನನಗೆ ನಗು ಬರುತ್ತದೆ. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟು ಕುರಿ ಹಿಂದೆ ಹೋದವಳು ನಾನು. ಮಳವಳ್ಳಿ ಸಂತೆ, ಮದ್ದೂರು ರೈಲು, ಮಂಡ್ಯದ ಆಸ್ಪತ್ರೆ, ಇಷ್ಟೇ ನನ್ನ ಲೋಕ. ಅರಮನೆ ನೋಡಿದೆ, ರಾಣಿಯನ್ನು ನೋಡಿದೆ ಅಂತ ಬರೆಯುತ್ತೇನೆ ಅಂದುಕೊಂಡವರು ಇಲ್ಲಿಗೇ ಮಡಚಿ ಇಟ್ಟುಬಿಡಿ. ನಾನು ಹೋದದ್ದು ನಮ್ಮ ಕುರಿಗಳ ಮೇಲೆ ಬಂದಿದ್ದ ಒಂದು ಅಪವಾದ ನಿಜವೋ ಸುಳ್ಳೋ ತಿಳಿದುಕೊಂಡು ಬರಲಿಕ್ಕೆ.

ನನ್ನ ಮಗಳು ಜಯ ಮೈಸೂರಿನಲ್ಲಿ ನರ್ಸ್ ಕೆಲಸ ಕಲಿತಳು. ಬೆಳಕವಾಡಿಯ ಶಿವರಾಮುಗೆ ಕೊಟ್ಟು ಮದುವೆ ಮಾಡಿದೆವು. ಅವನು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವನು. ಇಬ್ಬರಿಗೂ ಆ ದೇಶದ ಒಂದೇ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಹೋದರು. ಮೊಮ್ಮಗಳು ಸುಮ ಹುಟ್ಟಿದ್ದು ಅಲ್ಲೇ. ಎರಡು ವರ್ಷದ ಕೂಸಾಗಿದ್ದಾಗ ಒಂದು ಸಲ ಬಂಡೂರಿಗೆ ಕರೆದುಕೊಂಡು ಬಂದಿದ್ದರು. ನಮ್ಮ ಮನೆಯಲ್ಲಿ ನಡುಮನೆಗೂ ಕುರಿ ಕೊಟ್ಟಿಗೆಗೂ ಮಧ್ಯೆ ಒಂದೇ ಗೋಡೆ. ಬಂದು ಸ್ವಲ್ಪ ದಿನಕ್ಕೇ ಕೂಸಿನ ಎದೆಯಲ್ಲಿ ಕುಯ್ಯ್ ಕುಯ್ಯ್ ಅಂತ ಸದ್ದು ಶುರುವಾಯಿತು. ಉಬ್ಬಸ. ಉಸಿರು ಎಳೆಯಲಾರದೆ ನನ್ನ ಮುಖವನ್ನೇ ನೋಡುತ್ತಿತ್ತು. ಮಂಡ್ಯಕ್ಕೆ ಎತ್ತಿಕೊಂಡು ಓಡಿದೆವು.

ಅವತ್ತಿನಿಂದ ಜಯಳದು ಒಂದೇ ಮಾತು. ಕುರಿ ಇರುವ ಮನೆಗೆ ಮಗುವನ್ನು ತರುವುದಿಲ್ಲ. ಸುಮಳಿಗೆ ಆರು ತುಂಬಿದರೂ ತರಲಿಲ್ಲ. ಕೊನೆಗೆ ಅಳಿಯನೇ ನನಗೆ ವಿಮಾನದ ಟಿಕೆಟ್ಟು ಕಳಿಸಿದ.

ನಮ್ಮ ಯಜಮಾನರು ಎಲೆಯಡಿಕೆ ಉಗಿದು ಹೇಳಿದರು: "ಲೇ ಕೆಂಪಿ, ನೀನೇ ಓಗಿ ಕಣ್ಣಾರೆ ನೋಡ್ಕಂಡ್ ಬಾ. ಕುರೀದೇ ತಪ್ಪು ಅಂದ್ರೆ ಏಳಿ ಕಳ್ಸು, ಒಂದ್ ಮರೀನೂ ಮನೇಲಿ ಇಟ್ಕಳಲ್ಲ. ತಪ್ಪಿಲ್ಲ ಅಂದ್ರೆ ಕೂಸ್ನ ಎತ್ಕಂಡ್ ಬಾ."

ಅವರ ತಾತನ ಕಾಲದಿಂದ ಬಂದ ಹಿಂಡು ಅದು. ಅಷ್ಟು ಸಲೀಸಾಗಿ ಹೇಳಿದ ಮನುಷ್ಯ ಆಮೇಲೆ ಕೊಟ್ಟಿಗೆಗೆ ಹೋಗಿ ಬಹಳ ಹೊತ್ತು ಆಚೆಗೆ ಬರಲಿಲ್ಲ.

ವಿಮಾನ

ಮಳವಳ್ಳಿಯಿಂದ ಮದ್ದೂರಿಗೆ ಬಸ್ಸು, ಮದ್ದೂರಿನಿಂದ ಬೆಂಗಳೂರಿಗೆ ರೈಲು. ಇಷ್ಟರವರೆಗೆ ನಾನೇ ಯಜಮಾನಿ. ಬೊಂಬಾಯಿ ದಾಟಿದ ಮೇಲೆ ಯಾರು ಏನು ಹೇಳಿದರೂ ತಲೆ ಆಡಿಸುವುದೊಂದೇ ಕೆಲಸ. ನನ್ನ ಪಕ್ಕದಲ್ಲಿ ಪಂಜಾಬಿನ ಕಡೆಯ ಒಬ್ಬಳು ಮುದುಕಿ ಕೂತಿದ್ದಳು. ಅವಳಿಗೆ ನನ್ನ ಮಾತು ಬಾರದು, ನನಗೆ ಅವಳ ಮಾತು ಬಾರದು. ಆದರೂ ಇಬ್ಬರಿಗೂ ಎಷ್ಟು ಮೊಮ್ಮಕ್ಕಳು ಅನ್ನುವುದು ಬೆರಳಿನಲ್ಲೇ ಇತ್ಯರ್ಥವಾಯಿತು. ಕೂರುವಾಗ ಸೊಂಟಕ್ಕೆ ಪಟ್ಟಿ ಕಟ್ಟಿದರಲ್ಲ, ಅದನ್ನು ಬಿಚ್ಚಬಾರದು ಅಂತ ನಾವಿಬ್ಬರೂ ತಿಳಿದುಕೊಂಡುಬಿಟ್ಟೆವು. ಕಟ್ಟಿ ಹಾಕಿದ ಟಗರುಗಳ ಹಾಗೆ ಅಷ್ಟು ದೂರವೂ ಕೂತಿದ್ದೆವು. ವಿಮಾನದ ಹುಡುಗಿ ಬಂದು ಬಿಚ್ಚಿ ತೋರಿಸಿದಾಗ ನಮ್ಮ ನಗುವಿಗೆ ಹಿಂದಿನ ಸಾಲಿನವರು ಎದ್ದು ಕೂತರು.

ಲಂಡನ್ನಿನಲ್ಲಿ ಇಳಿದಾಗ ಒಬ್ಬ ಅಧಿಕಾರಿ ನನ್ನ ಚೀಲ ಬಿಚ್ಚಿಸಿದ. ರಾಗಿ ಹಿಟ್ಟು ನೋಡಿದ, ಬಿಟ್ಟ. ಕಂಬಳಿ ನೋಡಿದ, ಮೂಗು ಮುಚ್ಚಿಕೊಂಡು ಬಿಟ್ಟ. ವೈದ್ಯನಾಥಪುರದ ದೇವಸ್ಥಾನದಿಂದ ಕೂಸಿಗೆ ಅಂತ ತಂದಿದ್ದ ವಿಭೂತಿ ಪೊಟ್ಟಣ ಸಿಕ್ಕಿದ್ದೇ ಅವನ ಮುಖ ಗಂಭೀರವಾಯಿತು. ಬೆಳ್ಳನೆ ಪುಡಿ ಅಲ್ಲವೆ. ಮೂಸಿದ. ನಾಲಿಗೆಗೆ ಇಟ್ಟುಕೊಳ್ಳಲು ಹೋದ.

"ಅಯ್ಯೋ, ತಿನ್ನೋದಲ್ಲ ಕಣಪ್ಪ!" ಅಂದು ಅವನ ಕೈಯಿಂದ ಪೊಟ್ಟಣ ಕಿತ್ತುಕೊಂಡೆ. ನನ್ನ ಹಣೆಗೆ ಹಚ್ಚಿಕೊಂಡು ತೋರಿಸಿದೆ. ಅವನು ಇನ್ನೂ ಹಾಗೇ ನೋಡುತ್ತಿದ್ದ. ಅರ್ಥವಾಗಲಿಲ್ಲವೇನೋ ಅಂತ ಅವನ ಹಣೆಗೂ ಮೂರು ಬೆರಳಿನಲ್ಲಿ ಎಳೆದುಬಿಟ್ಟೆ. ಸಾಲಿನಲ್ಲಿ ನಿಂತಿದ್ದವರೆಲ್ಲ ಕತ್ತು ಚಾಚಿ ನೋಡಿದರು. ಅವನು ಹಣೆ ಮುಟ್ಟಿ ನೋಡಿಕೊಂಡು ಹೋ ಅಂತ ನಕ್ಕ. ನಾನು ತಿರುಗಿ ನೋಡಿದಾಗ ವಿಭೂತಿ ಹಾಕಿಕೊಂಡೇ ಮುಂದಿನವರ ಪೆಟ್ಟಿಗೆ ಬಿಚ್ಚಿಸುತ್ತಿದ್ದ.

ಮಗಳ ಮನೆ

ಜಯ ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡು ಅತ್ತಳು. ಅಳು ಮುಗಿಯುವ ಮೊದಲೇ ಕಂಕುಳಲ್ಲಿದ್ದ ಕಂಬಳಿ ಅವಳ ಕಣ್ಣಿಗೆ ಬಿತ್ತು.

"ಅವ್ವಾ, ಅದ್ನ ಒಳಗ್ ತರ್ಬ್ಯಾಡ."

"ಕೂಸಿಗೆ ಅಂತ ನೇಯ್ಸಿದ್ದು ಕಣೇ. ನಮ್ಮ ಕುರೀದೇ ಉಣ್ಣೆ."

"ಅದ್ಕೇ ಬ್ಯಾಡ ಅಂದಿದ್ದು."

ನಮ್ಮ ಬಂಡೂರು ಕುರಿ ಉಣ್ಣೆಗಲ್ಲ, ಮಾಂಸಕ್ಕೆ ಹೆಸರಾದದ್ದು. ಅದರ ಮೈಯ ಮೋಟು ಕೂದಲು ಕೂಡಿಸಿ ಒಂದು ಕಂಬಳಿ ಮಾಡಬೇಕಾದರೆ ಪಟ್ಟ ಪಾಡು ನನಗೇ ಗೊತ್ತು. ಅಂಥ ಕಂಬಳಿ ಹಿತ್ತಲಿನ ಇದ್ದಿಲು ಕೋಣೆಗೆ ಹೋಯಿತು. ಅಷ್ಟು ಹೊತ್ತಿಗೆ ಮೆಟ್ಟಿಲ ಮೇಲಿಂದ ಒಂದು ಗಿಳಿಮರಿ ಇಳಿದು ಬಂದು "ಅಜ್ಜಿ, ನಿನ್ನ ಮೂಗಲ್ಲಿ ಅದೇನು?" ಅಂತ ನನ್ನ ಮೂಗುಬೊಟ್ಟು ಹಿಡಿದು ಎಳೆಯಿತು. ಮಾತು ಕನ್ನಡ, ರಾಗ ಇಂಗ್ಲಿಷಿನವರದು. ನನ್ನ ಸುಮ! ನನಗೆ ಕಂಬಳಿಯೂ ಮರೆತುಹೋಯಿತು, ಕಾಲು ನೋವೂ ಮರೆತುಹೋಯಿತು.

ಆ ದೇಶದ ಮನೆಗಳ ಬಗ್ಗೆ ಹೇಳಲೇಬೇಕು. ಗೋಡೆಯಿಂದ ಗೋಡೆಗೆ ನೆಲದ ಮೇಲೆ ದಪ್ಪ ಜಮಖಾನ ಹಾಸಿ ಮೊಳೆ ಹೊಡೆದಿರುತ್ತಾರೆ. ತೆಗೆಯುವ ಹಾಗಿಲ್ಲ, ಒಗೆಯುವ ಹಾಗಿಲ್ಲ. ನಾನು ಬೆಳಿಗ್ಗೆ ಎದ್ದು ಪೊರಕೆ ಹುಡುಕಿದೆ. ಜಯ ಒಂದು ಯಂತ್ರ ತಂದು ಕೊಟ್ಟಳು. ಅದು ಹೆರಿಗೆ ನೋವಿನವಳ ಹಾಗೆ ಕಿರುಚಿಕೊಂಡು ಕಸ ಎಳೆದುಕೊಳ್ಳುತ್ತದೆ. ಅಲ್ಲಿಯ ಜನರೋ, ಬಸ್ಸಿಗೆ ಒಬ್ಬನೇ ನಿಂತಿದ್ದರೂ ಸಾಲಿನಲ್ಲಿ ನಿಂತ ಹಾಗೇ ನಿಲ್ಲುತ್ತಾನೆ. ಪಕ್ಕದ ಮನೆಯಾಕೆ ಬೇಲಿ ಮೇಲಿಂದ ದಿನವೂ ಮಳೆ ಬಿಸಿಲಿನ ಸಮಾಚಾರ ಹೇಳುತ್ತಾಳೆ, ನಮಗೆ ಕಾಣುವುದೇ ಇಲ್ಲವೇನೋ ಅನ್ನುವ ಹಾಗೆ. ಅವಳ ನಾಯಿ ಮಂಚದ ಮೇಲೆ ಮಲಗುತ್ತದೆ. ನಮ್ಮ ಕುರಿ ಗೋಡೆಯಾಚೆ ಮಲಗಿದ್ದೇ ತಪ್ಪಾಯಿತಲ್ಲ ಅಂತ ನನಗೆ ಒಳಗೊಳಗೇ ಉರಿ.

ಸುಮ ದಿನವೂ ಒಂದು ಸಣ್ಣ ಕೊಳವೆ ಬಾಯಿಗಿಟ್ಟುಕೊಂಡು ಪುಡಿ ಔಷಧಿ ಎಳೆದುಕೊಳ್ಳುತ್ತಿದ್ದಳು. ಪೀಪಿ ಊದುವ ವಯಸ್ಸಿನ ಕೂಸು ಔಷಧಿ ಎಳೆದುಕೊಳ್ಳುವುದನ್ನು ನೋಡುವಾಗ ನಾನು ಮುಖ ತಿರುಗಿಸಿ ಪಾತ್ರೆ ತೊಳೆಯುತ್ತಿದ್ದೆ.

ಗುಡ್ಡದ ಮೇಲೆ

ಒಂದು ಭಾನುವಾರ ಬಸ್ಸಿನಲ್ಲಿ ಊರಾಚೆ ಹೋಗುತ್ತಿದ್ದೆವು. ಕಿಟಕಿಯಾಚೆ ಹಸಿರು ಗುಡ್ಡ, ಗುಡ್ಡದ ತುಂಬ ಕುರಿ! ಬಸ್ಸು ಎಲ್ಲಿ ನಿಂತಿತೋ ಅಲ್ಲಿ ಸುಮಳ ಕೈ ಹಿಡಿದು ಇಳಿದುಬಿಟ್ಟೆ. ಜಯ "ಅವ್ವಾ, ಅವ್ವಾ" ಅನ್ನುವಷ್ಟರಲ್ಲಿ ನಾವು ಬೇಲಿಯ ಹತ್ತಿರ ಇದ್ದೆವು.

ಕುರಿಗಳ ಬೆನ್ನಿನ ಮೇಲೆ ಕೆಲವಕ್ಕೆ ಕೆಂಪು ಬಣ್ಣ, ಕೆಲವಕ್ಕೆ ನೀಲಿ ಬಣ್ಣ ಬಳಿದಿತ್ತು. ಕಿವಿಯಲ್ಲಿ ಕಚ್ಚು. ನಾವೂ ಹಾಗೇ ತಾನೆ ಮಾಡುವುದು, ಇಬ್ಬರ ಹಿಂಡು ಒಂದೇ ಕಡೆ ಮೇಯುವಾಗ ಯಾವುದು ಯಾರದು ಅಂತ ತಿಳಿಯಲಿಕ್ಕೆ! ಇಷ್ಟು ಸಮುದ್ರ ದಾಟಿ ಬಂದರೂ ಕುರಿಯವರ ಬುದ್ಧಿ ಒಂದೇ ಅಂತ ನನಗೆ ಎಷ್ಟು ಸಂತೋಷವಾಯಿತು ಅಂದರೆ, ಅಲ್ಲಿದ್ದ ಕುರಿಯವನನ್ನು ಕೇಳದೇ ಒಂದರ ಬಾಯಿ ಅಗಲಿಸಿ ಹಲ್ಲು ನೋಡಿದೆ, ಸೊಂಟದ ಮೇಲೆ ಕೈಯಿಟ್ಟು ಒತ್ತಿ ಮಾಂಸ ನೋಡಿದೆ. ಅವನು ಕೆಂಪು ಮುಖದ ಮುದುಕ. ಕೋಪ ಮಾಡಲಿಲ್ಲ. ತನ್ನ ಅತ್ಯುತ್ತಮ ಟಗರನ್ನು ಹಿಡಿದು ತಂದು ನನ್ನ ಮುಂದೆ ನಿಲ್ಲಿಸಿದ. ನಾನು ಒತ್ತಿ ನೋಡಿ, ಪರವಾಗಿಲ್ಲ ಅಂತ ತಲೆ ಆಡಿಸಿದೆ. ಅವನಿಗೆ ಬಂಡೂರು ಟಗರು ತೋರಿಸಬೇಕಿತ್ತು.

ಸುಮ ಒಂದು ಮರಿಯನ್ನು ಅಟ್ಟಿಸಿಕೊಂಡು ಆ ಚಳಿಗಾಳಿಯಲ್ಲಿ ಓಡಿದಳು. ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಆದರೆ ಸಂಜೆ ಮನೆಗೆ ಬಂದ ಮೇಲೆ ಕುಯ್ಯ್ ಶುರುವಾಯಿತು.

ಜಯ ಕೊಳವೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. "ನೋಡ್ದಾ ಅವ್ವಾ? ಈಗ್ಲಾದ್ರೂ ಗೊತ್ತಾಯ್ತಾ?"

ನಾನು ಹೋಗಿ ಒಲೆಯ ಮೇಲೆ ಬಿಸಿನೀರಿಗೆ ಇಟ್ಟೆ.

ಯಂತ್ರದೊಳಗಿನ ಹೂವು

ಮಾರನೇ ದಿನ ಅಳಿಯ ನನ್ನನ್ನು ಸಮಾಧಾನ ಮಾಡಲೆಂದು ತನ್ನ ಕೆಲಸದ ಕೋಣೆ ತೋರಿಸಲು ಕರೆದುಕೊಂಡು ಹೋದ. ಅಲ್ಲಿ ಬೆಳ್ಳಿ ಕೂದಲಿನ ಒಬ್ಬಾಕೆ ಡಾಕ್ಟರು ಉಬ್ಬಸದ ಮಕ್ಕಳ ರಕ್ತವನ್ನು ಪರೀಕ್ಷೆ ಮಾಡುತ್ತಿದ್ದರು. ಸುಮಳದೂ ತೆಗೆದಿದ್ದರು. ಶಿವರಾಮು ಒಂದು ಗಾಜಿನ ಪಟ್ಟಿಯನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟು "ಬನ್ನಿ ಅತ್ತೆ, ನಿಮ್ ಮೊಮ್ಮಗಳ ರಕ್ತ ನೋಡಿ" ಅಂದ.

ಒಂದು ಕಣ್ಣು ಮುಚ್ಚಿ ನೋಡಿದೆ. ನಡುವೆ ಒಂದು ದುಂಡನೆಯ ಕಣ. ಅದರ ಸುತ್ತ ಒತ್ತಾಗಿ ಅಂಟಿಕೊಂಡ ಸಣ್ಣ ಕಣಗಳು. ಅರಳಿದ ಹೂವಿನ ಹಾಗೇ ಇತ್ತು.

"ಎಷ್ಟ್ ಚೆಂದಾಗದೆ! ಏನಪ್ಪಾ ಅದು?"

"ನಡುವೆ ಇರೋದು ಸುಮಂದು ಅತ್ತೆ. ಸುತ್ತ ಅಂಟ್ಕೊಂಡಿರೋವು ಕುರಿ ರಕ್ತದ ಕಣ."

ಅಷ್ಟರಲ್ಲಿ ಯಾರೋ ಅವನನ್ನು ಕೂಗಿದರು. "ಬಂದೆ ಇರಿ" ಅಂತ ಹೋದ.

ನಾನು ಇನ್ನೊಂದು ಸಲ ಬಗ್ಗಿ ನೋಡಿದೆ. ಕುರಿಯ ರಕ್ತ ನನ್ನ ಕೂಸಿನ ರಕ್ತವನ್ನು ಮುತ್ತಿಕೊಂಡಿದೆ! ಎರಡು ವರ್ಷದ ಕೂಸಾಗಿದ್ದಾಗ ನಮ್ಮ ಮನೆಯಲ್ಲಿ ಹೊಕ್ಕದ್ದು ಇನ್ನೂ ಬಿಟ್ಟಿಲ್ಲ! ಜಯ ಹೇಳಿದ್ದೇ ಸರಿ. ಕಣ್ಣಾರೆ ನೋಡಿಕೊಂಡು ಬಾ ಅಂದಿದ್ದರು ಯಜಮಾನರು, ನೋಡಿಯೂ ಆಯಿತು. ಶಿವರಾಮು ವಾಪಸು ಬಂದಾಗ "ಸಾಕಪ್ಪ, ಮನೆಗೆ ಓಗುವ" ಅಂದೆ. ಅವನು ನನಗೆ ತಲೆ ತಿರುಗಿರಬೇಕು ಅಂದುಕೊಂಡ.

ಅವತ್ತೇ ಸಂಜೆ ಲೀಲಾವತಿ ಅನ್ನುವ ಮಂಡ್ಯದ ನರ್ಸು, ಜಯಳ ಗೆಳತಿ, ರಜೆಗೆ ಊರಿಗೆ ಹೊರಟಿದ್ದಳು. ಹೇಳಿ ಹೋಗಲು ಬಂದವಳನ್ನು ಬಾಗಿಲಾಚೆಗೆ ಕರೆದೆ.

"ಲೀಲಾ, ಬಂಡೂರಿಗೆ ಓಗಿ ನಮ್ಮೋರ್ಗೆ ಒಂದ್ ಮಾತ್ ಏಳವ್ವ. ನಾನ್ ಕಣ್ಣಾರೆ ನೋಡ್ದೆ, ಕುರಿ ಮನೇಲಿ ಇರ್ಬಾರ್ದಂತೆ ಅಂತ. ಅಷ್ಟ್ ಏಳು ಸಾಕು."

"ಎಲ್ಲಾ ಕುರೀನೂ ಅಜ್ಜಿ?"

"ಎಲ್ಲಾನೂ."

ಹೇಳಿ ಒಳಗೆ ಬಂದೆ. ಎದೆ ಭಾರವಾಗಿತ್ತು. ಆದರೂ ಸುಮ ಓಡಿ ಬಂದು ತೊಡೆ ಮೇಲೆ ಕೂತಾಗ, ಹೋದರೆ ಹೋಗಲಿ ಹಿಂಡು, ಇವಳು ಬರುತ್ತಾಳಲ್ಲ ಅನ್ನಿಸಿತು.

ನನ್ನ ರಕ್ತದಲ್ಲೂ

ಎರಡು ದಿನ ಆದ ಮೇಲೆ ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದೆ. "ಜಯಾ, ಇನ್ ಮ್ಯಾಕೆ ಧೈರ್ಯವಾಗಿ ಕೂಸ್ನ ಕರ್ಕಂಡ್ ಬಾ. ಕುರಿ ಇರಾಕಿಲ್ಲ. ಏಳಿ ಕಳ್ಸಿವ್ನಿ."

ಜಯಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಏನ್ ಏಳಿ ಕಳ್ಸಿದ್ಯೇ? ಯಾಕೆ?"

"ಯಂತ್ರದಲ್ಲಿ ನೋಡ್ದೆನಲ್ಲ. ಕುರಿ ರಕ್ತ ಕೂಸಿಗೆ ಅಂಟ್ಕಂಡದೆ."

ಶಿವರಾಮು ಮೊದಲು ನನ್ನನ್ನು ನೋಡಿದ, ಆಮೇಲೆ ಎರಡು ಕೈಯಲ್ಲೂ ತಲೆ ಹಿಡಿದುಕೊಂಡ. "ಅಯ್ಯೋ ಅತ್ತೆ! ಅದು ನಾವೇ ಬೆರ್ಸಿದ್ದು! ಸೀಸೇಲಿ ತಂದು ನಾನೇ ಹಾಕಿದ್ದು!"

"ನೀನ್ ಯಾಕಪ್ಪ ಹಾಕ್ದೆ?"

ಅವನು ಮಾರನೇ ಬೆಳಿಗ್ಗೆಯೇ ನನ್ನನ್ನು ಆ ಡಾಕ್ಟರಮ್ಮನ ಮುಂದೆ ಕೂರಿಸಿದ. ಆಕೆ ಕೇಳಿ ನಗಲಿಲ್ಲ. ನನ್ನ ತೋಳಿನಿಂದ ಒಂದಿಷ್ಟು ರಕ್ತ ತೆಗೆದರು. ಅದನ್ನು ತೊಳೆದು, ಗಿರಗಿರ ತಿರುಗಿಸಿ, ಕುರಿ ರಕ್ತ ಬೆರೆಸಿ, ತಣ್ಣಗೆ ಇಟ್ಟು ಏನೇನೋ ಮಾಡಿದರು. ನಾನು ಬೆಂಚಿನ ಮೇಲೆ ಕಾದೆ. ಆಮೇಲೆ ಕರೆದು ತೋರಿಸಿದರು. ಅದೇ ಹೂವು! ನನ್ನ ರಕ್ತದಲ್ಲೂ! ಇನ್ನೊಂದು ಪಟ್ಟಿ ಇಟ್ಟರು, ಅದರಲ್ಲೂ ಹೂವು. ಅದು ಯಾರದು ಅಂದರೆ ಡಾಕ್ಟರಮ್ಮ ತಮ್ಮ ಎದೆ ಮುಟ್ಟಿ ತೋರಿಸಿಕೊಂಡರು. ಅವರು ಕೂದಲು ಬೆಳ್ಳಗಾಗುವ ತನಕ ಪಟ್ಟಣದಲ್ಲೇ ಇದ್ದವರು, ಕುರಿ ಕೊಟ್ಟಿಗೆ ಕಂಡವರೇ ಅಲ್ಲ.

ಶಿವರಾಮು ಅವರ ಮಾತನ್ನು ನಮ್ಮ ಮಾತಿಗೆ ತಿರುಗಿಸಿ ಹೇಳಿದ. "ಮೈಯಲ್ಲಿ ರೋಗದ ಜೊತೆ ಗುದ್ದಾಡೋವು ಬಿಳೀ ಕಣ ಅತ್ತೆ. ಅದ್ರಲ್ಲಿ ಬ್ಯಾರೆ ಬ್ಯಾರೆ ಜಾತಿ ಅವೆ. ಯಂತ್ರದಲ್ಲಿ ಎಲ್ಲಾ ಒಂದೇ ತರ ಕಾಣ್ತವೆ. ಆದ್ರೆ ಒಂದು ಜಾತಿಗೆ ಮೈ ಮೇಲೆ ಒಂದು ಗುರುತು ಅದೆ, ಕುರಿ ರಕ್ತ ಅದಕ್ಕೆ ಮಾತ್ರ ಅಂಟ್ಕೊತದೆ. ಅಂಟಿದ್ರೆ ಆ ಜಾತಿ, ಅಂಟದಿದ್ರೆ ಬ್ಯಾರೆ."

"ಓ! ಗುಡ್ಡದ ಮೇಲೆ ಕುರಿ ಬೆನ್ನಿಗೆ ಬಣ್ಣ ಬಳ್ದಂಗೆ!"

"ನಾವು ಬಳ್ಯೋದಲ್ಲ. ಆ ಗುರುತು ಮೊದ್ಲೇ ಇರ್ತದೆ, ಕಣ್ಣಿಗೆ ಕಾಣಲ್ಲ ಅಷ್ಟೆ. ಕುರಿ ರಕ್ತ ಹಾಕಿದ್ರೆ ಕಾಣ್ತದೆ."

ಉಬ್ಬಸದ ಮಕ್ಕಳಲ್ಲಿ ಈ ಜಾತಿಯ ಕಣ ಹೆಚ್ಚೋ ಕಡಿಮೆಯೋ ಅನ್ನುವುದು ಆಕೆ ಹುಡುಕುತ್ತಿದ್ದದ್ದು. ಗೊತ್ತಾಯಿತೇ ಅಂತ ಕೇಳಿದೆ. ಇನ್ನೂ ಇಲ್ಲ ಅಂದರು. ಅಷ್ಟು ಓದಿದವರು ಗೊತ್ತಿಲ್ಲ ಅನ್ನುವುದನ್ನು ಎಷ್ಟು ನೆಮ್ಮದಿಯಾಗಿ ಹೇಳಿದರು! ನನಗೆ ಅವರ ಮೇಲೆ ನಂಬಿಕೆ ಬಂದದ್ದು ಆಗಲೇ. ಕುರಿಯ ರಕ್ತ ತೆಗೆಯುವಾಗ ಕುರಿ ಸಾಯುತ್ತದೆಯೇ ಅಂತಲೂ ಕೇಳಿದೆ. ಇಲ್ಲವಂತೆ, ಕತ್ತಿನ ನರದಿಂದ ಒಂಚೂರು ತೆಗೆದು ಮೇಯಲು ಬಿಡುತ್ತಾರಂತೆ. ನಮ್ಮ ಕೂಸಿನ ಕಾಯಿಲೆ ತಿಳಿಯಲಿಕ್ಕೆ ಕುರಿಯೇ ರಕ್ತ ಕೊಡುತ್ತಿದೆ, ನಾನು ಅದರ ಮೇಲೆಯೇ ಅಪವಾದ ಹೊರಿಸಿದ್ದೆ!

ಕೈ ಮೇಲಿನ ಹನಿ

ಹಾಗಾದರೆ ಉಬ್ಬಸ ಯಾವುದರಿಂದ? ಅದಕ್ಕೆ ಬೇರೆ ಪರೀಕ್ಷೆ. ಸುಮಳ ಮುಂಗೈ ಮೇಲೆ ಸಾಲಾಗಿ ಹನಿಗಳನ್ನಿಟ್ಟು, ಒಂದೊಂದರ ಮೂಲಕವೂ ಸೂಜಿಯಿಂದ ಮೆಲ್ಲಗೆ ಚುಚ್ಚಿದರು. ಒಂದು ಬೆಕ್ಕಿನದು, ಒಂದು ಹುಲ್ಲಿನ ಹೂವಿನದು, ಒಂದು ಮನೆ ದೂಳಿನದು, ಒಂದು ಕುರಿ ಉಣ್ಣೆಯದು. ಯಾವುದು ಊದಿಕೊಳ್ಳುತ್ತದೋ ಅದು ಮೈಗೆ ಆಗದ್ದು. ಜಯ ನನ್ನ ಕೈ ಹಿಡಿದುಕೊಂಡಳು. ನಾನು ವೈದ್ಯನಾಥನನ್ನು ಹಿಡಿದುಕೊಂಡೆ.

ಮನೆ ದೂಳಿನ ಹನಿ ಕೆಂಪಿರುವೆ ಕಚ್ಚಿದ ಹಾಗೆ ದಪ್ಪಗೆ ಎದ್ದಿತು. ಕುರಿಯದು ಏಳಲೇ ಇಲ್ಲ.

ಮೊಳೆ ಹೊಡೆದ ಜಮಖಾನ! ನಾನು ಮೊದಲ ದಿನವೇ ಪೊರಕೆ ಕೇಳಿರಲಿಲ್ಲವೆ? ಜಮಖಾನದಲ್ಲಿ, ಹಾಸಿಗೆಯಲ್ಲಿ, ಗರಿ ತುಂಬಿದ ದಿಂಬಿನಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತವಂತೆ. ಅಂದು ಬಂಡೂರಿನಲ್ಲಿ ಬಂದದ್ದು ಶೀತ ಎದೆಗಿಳಿದಿರಬೇಕು, ಗುಡ್ಡಕ್ಕೆ ಹೋದ ದಿನ ಬಂದದ್ದು ಚಳಿಗಾಳಿಯಲ್ಲಿ ಓಡಿದ್ದಕ್ಕೆ ಇರಬಹುದು ಅಂದರು ಡಾಕ್ಟರಮ್ಮ. ಜಯ ಕಣ್ಣು ಒರೆಸಿಕೊಂಡು ಏಳುತ್ತಿದ್ದಳು. ನಾನು ಅಲ್ಲಿಗೆ ಸುಮ್ಮನಿರಬಹುದಿತ್ತು. ಬಂಡೂರಿನವಳು ಸುಮ್ಮನಿರುತ್ತಾಳೆಯೇ?

"ಇದು ಇವರ ಕುರಿ ಉಣ್ಣೆ. ಇವರ ಕುರಿಯೇ ಬ್ಯಾರೆ, ನಮ್ಮ ಬಂಡೂರ್ ಕುರಿಯೇ ಬ್ಯಾರೆ. ನಮ್ಮದನ್ನೂ ನೋಡ್ಬೇಕು ಅಂತ ಏಳು ಶಿವರಾಮು."

"ಅವ್ವಾ! ಬಾಯ್ ಮುಚ್ಕಂಡಿರಕ್ಕಾಗಲ್ವಾ ನಿಂಗೆ?" ಜಯ ಸಿಡಿದಳು. "ಇಲ್ಲ ಅಂದಾಯ್ತಲ್ಲ! ಈಗ ನಿನ್ ಕುರಿದು ಊದ್ಕೊಂಡ್ರೆ ಏನ್ ಮಾಡ್ತೀಯ?"

ಊದಿಕೊಂಡರೆ ಕೂಸು ಬರುವುದಿಲ್ಲ, ಅದು ನನಗೂ ಗೊತ್ತು. ಆದರೆ ಬೇರೆಯವರ ಕುರಿಯ ಸಾಕ್ಷಿ ತೆಗೆದುಕೊಂಡು ಕೂಸನ್ನು ನಮ್ಮ ಕೊಟ್ಟಿಗೆ ಪಕ್ಕ ಮಲಗಿಸಲಾಗುತ್ತದೆಯೆ? ಡಾಕ್ಟರಮ್ಮ ಒಪ್ಪಿದರು. ಇದ್ದಿಲು ಕೋಣೆಯ ಕಂಬಳಿ ಆಚೆ ಬಂತು. ಅದನ್ನು ಬಿಸಿಲಿಗೆ ಹಾಕಿ, ಕೋಲಿನಲ್ಲಿ ಬಡಿದು ಬಡಿದು ಆಸ್ಪತ್ರೆಗೆ ಒಯ್ದೆ. ಏನಾದರೂ ಆದರೆ ಔಷಧಿ ಕೈಗೆ ಸಿಗುವ ಹಾಗೆ ಇಟ್ಟುಕೊಂಡು ಸುಮಳನ್ನು ಅದರಲ್ಲಿ ಸುತ್ತಿ ಕೂರಿಸಿದರು.

ಆ ಬೆಳಿಗ್ಗೆ ಎಷ್ಟು ಉದ್ದವಿತ್ತು! ಡಾಕ್ಟರಮ್ಮ ಆಗಾಗ ಬಂದು ಎದೆಗೆ ಕೊಳವೆ ಇಟ್ಟು ಕೇಳುತ್ತಿದ್ದರು. ಕೇಳುವಾಗ ಅವರ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಜಯ ಕಿಟಕಿ ಕಡೆ ಮುಖ ಮಾಡಿ ನಿಂತಿದ್ದಳು. ಸುಮ ಕಂಬಳಿಯ ಕುಚ್ಚು ಎಣಿಸಿದಳು, ಚುಚ್ಚುತ್ತದೆ ಅಂದಳು, ಅಜ್ಜಿಯ ವಾಸನೆ ಬರುತ್ತದೆ ಅಂದಳು. ಆಮೇಲೆ ಮಾತು ನಿಂತಿತು. ನಾನು ಬಗ್ಗಿ ನೋಡಿದೆ. ನಿದ್ದೆ ಹೋಗಿದ್ದಳು. ಉಸಿರು ಎಣ್ಣೆ ಹಾಕಿದ ಕದದ ಹಾಗೆ ಸದ್ದಿಲ್ಲದೆ ಹೋಗಿ ಬರುತ್ತಿತ್ತು.

ಡಾಕ್ಟರಮ್ಮ ಕೊನೆಯ ಸಲ ಕೇಳಿ, ಶಿವರಾಮುವಿಗೆ ಏನೋ ಹೇಳಿದರು. ಉಬ್ಬಸ ಹೋಯಿತು ಅಂತಲ್ಲ, ಔಷಧಿ ಬಿಡಬಾರದು, ಆದರೆ ಕುರಿಗೂ ಇದಕ್ಕೂ ಸಂಬಂಧ ಕಾಣುವುದಿಲ್ಲ ಅಂತ. ನಾನು ಅವರ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡೆ. ಜಯ ಬಂದು ನನ್ನ ಬೆನ್ನಿಗೆ ಮುಖ ಒತ್ತಿ ನಿಂತಳು. ಶಿವರಾಮು ಅಷ್ಟು ಹೊತ್ತಿಗೆ ತಂತಿ ಕಳಿಸಲು ಓಡಿದ್ದ. ಕುರಿ ಮಾರಬೇಡಿ.

ಬಂಡೂರು

ನಾನು ಒಬ್ಬಳೇ ಹೋದವಳು ಜಯ, ಸುಮ ಇಬ್ಬರನ್ನೂ ಕರೆದುಕೊಂಡು ಬಂದೆ. ಬಸ್ಸಿಳಿದು ಮನೆಗೆ ಹೋದರೆ ಕೊಟ್ಟಿಗೆ ಖಾಲಿ. ಗೋಡೆಗೆ ಸುಣ್ಣ ಬಳಿದು, ನೆಲ ಸಾರಿಸಿ, ರಂಗೋಲಿ ಎಳೆದಿತ್ತು. ಸುಮ ಒಳಗೆ ಇಣುಕಿ ಕೇಳಿದಳು: "ಕುರಿ ಎಲ್ಲಿ ತಾತ?"

ನಾನು ಯಜಮಾನರ ಕಡೆ ತಿರುಗಿದೆ. "ತಂತಿ ಬರ್ನಿಲ್ವಾ? ಮಾರ್ಬ್ಯಾಡ ಅಂತ ಕಳ್ಸಿದ್ವಲ್ಲ!"

"ಬಂತು. ಪೋಸ್ಟ್ ಮೇಷ್ಟ್ರು ಓದಿ ಏಳುದ್ರು." ಯಜಮಾನರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಮಾರ್ಬ್ಯಾಡ ಅಂದ್ರಿ. ನಾನೆಲ್ ಮಾರಿವ್ನಿ? ಲೀಲಮ್ಮ ಬಂದು ಏಳಿದ್ ದಿನವೇ ಬೆಳಕವಾಡಿ ಬೀಗರ ತಾವ ಪಾಲಿಗೆ ಬುಟ್ ಬಂದೆ."

ಪಾಲಿಗೆ ಬಿಡುವುದು ಅಂದರೆ ನಮ್ಮ ಕಡೆ ಕುರಿ ನಮ್ಮದೇ, ಮೇಯಿಸುವವರಿಗೆ ಹುಟ್ಟುವ ಮರಿಯಲ್ಲಿ ಪಾಲು. ಕೈಬಿಡಲಾರದವರು ಕೈಬಿಡುವ ದಾರಿ ಅದು.

"ವಾಪಸ್ ತರಾಕೆ ಏನ್ ಕಷ್ಟ ನಿಂಗೆ?"

"ಬೀಗರು ಕಣೇ! ಕೊಟ್ಟು ಕೈ ಒಣಗಿಲ್ಲ, ಕೊಡಿ ಅಂತ ಯಾವ್ ಮೊಕ ಇಟ್ಕಂಡ್ ಓಗಾನ?"

ಮಾರನೇ ಬೆಳಿಗ್ಗೆ ಗಾಡಿ ಕಟ್ಟಿಸಿ ಎಲ್ಲರೂ ಬೆಳಕವಾಡಿಗೆ ಹೋದೆವು. ಬೀಗರು ಜಗಲಿ ಮೇಲೆ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಮಳೆ ಬೆಳೆಯ ಮಾತಾಡಿದರು. ನಮ್ಮ ಯಜಮಾನರೂ ಮಳೆ ಬೆಳೆಯ ಮಾತಾಡಿದರು. ಯಾರೂ ಕುರಿಯ ಮಾತೆತ್ತಲಿಲ್ಲ. ಸುಮ ಕೇಳಿ ಕೇಳಿ ಬೇಸರವಾಗಿ ಹೋಗಿ ಬೀಗರ ಮುಂದೆ ನಿಂತಳು.

"ತಾತ, ನಮ್ಮ ಕುರಿ ಕೊಡಿ."

ಬೀಗರು ಮೀಸೆಯಲ್ಲೇ ನಕ್ಕರು. "ಯಾಕವ್ವ, ನಿಂಗೆ ಕುರಿ ಕಂಡ್ರೆ ಗೂರ್ಲು ಬತ್ತದಂತಲ್ಲ?"

"ಬರಲ್ಲ. ಡಾಕ್ಟರು ನೋಡಿದ್ದಾರೆ. ಜಮಖಾನ ಕಂಡರೆ ಬರುತ್ತದೆ."

"ಅಂಗಾದ್ರೆ ನಮ್ ಮನೇಲಿ ಅದಿಲ್ಲ ಬುಡು. ಇರೋದು ಕುರಿ, ಒಡ್ಕಂಡ್ ಓಗು."

ಹಿಂಡು ಮುಂದೆ, ಗಾಡಿ ಹಿಂದೆ. ಊರು ಕಾಣುವ ಹೊತ್ತಿಗೆ ಸುಮ ಹಠ ಮಾಡಿ ಇಳಿದಳು. ಕೈಯಲ್ಲಿ ಕೋಲು ಹಿಡಿದು ಹುರ್ರ್ ಹುರ್ರ್ ಅನ್ನುತ್ತ ನಡೆದಳು. ಜನ ಬಾಗಿಲಿಗೆ ಬಂದು ನಿಂತರು. ನಾನು ಬಾಯಿ ತುಂಬ ಎಲ್ಲರಿಗೂ ಹೇಳಿಕೊಂಡು ಬಂದೆ, ನನ್ನ ಮೊಮ್ಮಗಳು, ನನ್ನ ಮೊಮ್ಮಗಳು ಅಂತ, ಗೊತ್ತಿದ್ದವರಿಗೂ.

ಸುಣ್ಣ ಬಳಿದ ಕೊಟ್ಟಿಗೆಯೊಳಗೆ ಕುರಿಗಳು ನುಗ್ಗಿ ರಂಗೋಲಿ ತುಳಿದು ಹಾಕಿದವು. ಜಯ ಬಾಗಿಲಲ್ಲಿ ನಿಂತು ಸೆರಗು ಸಿಕ್ಕಿಸಿಕೊಂಡಳು. "ಅಪ್ಪಾ, ಏನೇ ಆಗ್ಲಿ, ಮಗಳು ನಡುಮನೇಲಿ ಮಲಗ್ಲಿ. ಕೊಟ್ಟಿಗೆ ಕಡೆ ಬಾಗ್ಲು ಮುಚ್ಚಿರ್ಲಿ."

"ಆಗ್ಲಿ ಕಣವ್ವ, ಮುಚ್ತೀನಿ. ಮೊದ್ಲು ಅವಳ್ನ ಆಚ್ಗೆ ಕರಿ" ಅಂದರು ಯಜಮಾನರು.

ಸುಮ ಆಗಲೇ ಮರಿಗಳ ನಡುವೆ ಕಾಲು ಚಾಚಿ ಕೂತಾಗಿತ್ತು.